ಕೇಪಿನ ಕೋವಿ: ಸಕಲೇಶಪುರ–ಆಲೂರು ಸೀಮೆಯಲ್ಲಿ

ಕೇಪಿನ ಕೋವಿ : ನಳಿಗೆಯ ಬಾಯಿಂದ ಮದ್ದು, ಚರೆ ಸುರಿದು, ಗಜದಿಂದ ಗಿಡಿದು, ಹಿಂಬದಿಯ ಮೊಳೆಯ ಮೇಲೆ ತಾಮ್ರದ ಕೇಪು ಕೂರಿಸಿ ಹಾರಿಸುವ ಬಂದೂಕು. ಹಾಸನ ಜಿಲ್ಲೆಯ ಸಕಲೇಶಪುರ ಮತ್ತು ಆಲೂರು ತಾಲ್ಲೂಕುಗಳ ಬೆಟ್ಟಸೀಮೆಯಲ್ಲಿ ಭತ್ತದ ಗದ್ದೆ, ಏಲಕ್ಕಿ ಮಲೆ, ಕಾಫಿ ತೋಟಗಳ ಕಾವಲಿಗೆ ಇದು ಹಲವು ತಲೆಮಾರು ದುಡಿದಿದೆ. ಲೈಸೆನ್ಸ್ ಪುಸ್ತಕದಲ್ಲಿ ಇದರ ಹೆಸರು ಎಸ್‌ಬಿಎಂಎಲ್, ಅಂದರೆ ಒಂಟಿ ನಳಿಗೆಯ, ಬಾಯಿಂದ ತುಂಬುವ ಕೋವಿ. ಹಿಂಬದಿ ಮುರಿದು ತೋಟಾ ಹಾಕುವ ಕೋವಿಗಳು ಎಸ್‌ಬಿಬಿಎಲ್, ಡಿಬಿಬಿಎಲ್ ಎಂದು ದಾಖಲಾಗುತ್ತವೆ. ಊರವರಿಗೆ ಇಷ್ಟೆಲ್ಲ ಅಕ್ಷರ ಬೇಡ: ಒಂದು ಕೇಪಿನ ಕೋವಿ, ಇನ್ನೊಂದು ತೋಟಾ ಕೋವಿ. ಈ ಎರಡು ಮಾತು ಕುವೆಂಪು ಅವರ ಕಾದಂಬರಿಗಳನ್ನು ಓದಿದವರ ಕಿವಿಗೂ ಹೊಸದಲ್ಲ. ತೋಟಾ ಕೋವಿ ಸಾಹುಕಾರರ ಮನೆಯದು, ಕೇಪಿನ ಕೋವಿ ಸಣ್ಣ ಹಿಡುವಳಿದಾರನದು ಎಂಬ ಭೇದ ಮಲೆನಾಡಿನ ಉದ್ದಕ್ಕೂ ಇತ್ತು.

ಕೋವಿ ಎಂಬ ಪದದ ಹಳೆಯ ಅರ್ಥ ಕೊಳವೆ. ತುಪಾಕಿ, ಬಂದೂಕು ಎಂಬ ಮಾತುಗಳು ತುರ್ಕಿ, ಅರಬ್ಬಿ ಮೂಲದವು, ಸೈನ್ಯದ ಜೊತೆ ಬಂದವು. ಕೋವಿ ಮಾತ್ರ ಮನೆಯ ಮಾತು. ಸಕಲೇಶಪುರದಲ್ಲಿ ಇಂದಿಗೂ ಪೊಲೀಸರು ಬಂದೂಕು ಎನ್ನುತ್ತಾರೆ, ಬೆಳೆಗಾರರು ಕೋವಿ ಎನ್ನುತ್ತಾರೆ.

ಬಾಯಿಂದ ತುಂಬುವ ಕೋವಿಯನ್ನು ಮನೆಯಲ್ಲೇ ಕೈಯಾರೆ ಮಾಡಿಕೊಳ್ಳುವುದು ಜಗತ್ತಿನ ಕೆಲವೆಡೆ ಗೌರವದ ಹವ್ಯಾಸ. ನಮ್ಮಲ್ಲಿ ಅದು ಕಾನೂನಿನ ಪ್ರಕಾರ ಅಪರಾಧ. ಹಾಗಿದ್ದರೂ ಕೇಪಿನ ಕೋವಿಯನ್ನು ಕೈಕೆಲಸದ ವಸ್ತು ಎಂದೇ ನೋಡಬೇಕು. ತೋಟಾ ಕೋವಿಯ ಈಡು ಕಾರ್ಖಾನೆಯಲ್ಲಿ ಸಿದ್ಧವಾಗಿ ಬರುತ್ತದೆ. ಕೇಪಿನ ಕೋವಿಯಲ್ಲಿ ಪ್ರತಿಯೊಂದು ಈಡನ್ನೂ ಹೊಡೆಯುವವನೇ ಹೊಸದಾಗಿ ಮಾಡಿಕೊಳ್ಳಬೇಕು. ಕೋವಿ ಎಲ್ಲಿಂದ ಬಂದಿದ್ದರೂ ಈಡು ಮಾತ್ರ ಆ ಮನೆಯದೇ.

ಹಿನ್ನೆಲೆ

ಕನ್ನಡ ನಾಡಿನ ಯುದ್ಧದಲ್ಲಿ ಕೈಕೋವಿಯ ಹೆಸರು ಗಟ್ಟಿಯಾಗಿ ಕೇಳುವುದು 1520ರ ರಾಯಚೂರು ಮುತ್ತಿಗೆಯಲ್ಲಿ. ಕೃಷ್ಣದೇವರಾಯನ ಪರವಾಗಿ ನಿಂತ ಪೋರ್ಚುಗೀಸ್ ಬಂದೂಕುಗಾರರು ಕೋಟೆಯ ಗೋಡೆಯ ಮೇಲಿದ್ದವರನ್ನು ಹೊಡೆದುರುಳಿಸಿದ್ದನ್ನು ಪೋರ್ಚುಗೀಸ್ ಬರಹಗಾರ ನೂನಿಜ್ ವಿವರಿಸಿದ್ದಾನೆ. ಅವು ಉರಿಯುವ ಬತ್ತಿಯಿಂದ ಹೊತ್ತಿಸುವ ಕೋವಿಗಳು. ಹೈದರ್, ಟಿಪ್ಪುವಿನ ಕಾಲಕ್ಕೆ ಚಕಮಕಿ ಕಲ್ಲಿನ ಕೋವಿಗಳು ಮೈಸೂರು ರಾಜ್ಯದಲ್ಲೇ ತಯಾರಾಗುತ್ತಿದ್ದವು. ಶ್ರೀರಂಗಪಟ್ಟಣ, ಬೆಂಗಳೂರು, ನಗರ, ಚಿತ್ರದುರ್ಗಗಳಲ್ಲಿ ಟಿಪ್ಪುವಿನ ಕಾರ್ಖಾನೆಗಳಿದ್ದವು. ಹುಲಿಪಟ್ಟೆಯ ಅಲಂಕಾರವಿರುವ ಅಲ್ಲಿನ ಕೋವಿಗಳು ಇಂದು ವಿದೇಶಿ ಸಂಗ್ರಹಾಲಯಗಳಲ್ಲಿವೆ.

ಸಕಲೇಶಪುರದ ಪಕ್ಕದ ಮಂಜರಾಬಾದ್ ಕೋಟೆ 1792ರ ಹೊತ್ತಿಗೆ ಮುಗಿದದ್ದು. ಎಂಟು ಮೂಲೆಯ ನಕ್ಷತ್ರದಾಕಾರ, ಫ್ರೆಂಚ್ ಎಂಜಿನಿಯರುಗಳ ಮಾದರಿ. ಸುತ್ತ ಕವಿದ ಮಂಜನ್ನು ಕಂಡೇ ಟಿಪ್ಪು ಆ ಹೆಸರಿಟ್ಟನೆಂಬ ಪ್ರತೀತಿ ಇದೆ. ಕೋಟೆಯ ಅಂಗಳದ ನಡುವೆ, ಕೊಳದ ಬಳಿ, ನೆಲಮಟ್ಟದಿಂದ ತಗ್ಗಿನಲ್ಲಿ ಮದ್ದಿನ ಕೋಣೆಗಳಿವೆ. ಮಂಜಿನ ಹೆಸರು ಹೊತ್ತ ಕೋಟೆ, ಅದರ ಹೊಟ್ಟೆಯಲ್ಲಿ ತೇವ ತಾಗಿದರೆ ಕೆಡುವ ಮದ್ದು. ಈ ಸೀಮೆಯಲ್ಲಿ ಕೋವಿ ಹಿಡಿದವರೆಲ್ಲರ ಪಾಡು ಅಲ್ಲಿಂದಲೇ ಶುರುವಾಯಿತು ಎನ್ನಬೇಕು.

ಟಿಪ್ಪು ಬಿದ್ದ ಮೇಲೂ ಈ ಬೆಟ್ಟಗಳು ತಣ್ಣಗಾಗಲಿಲ್ಲ. ಬಲಂ ಸೀಮೆಯ ಪಾಳೆಯಗಾರ, ಐಗೂರಿನ ಕೃಷ್ಣಪ್ಪ ನಾಯಕ ಕಂಪನಿ ಸರ್ಕಾರಕ್ಕೆ ಮಣಿಯದೆ ಅರಕೆರೆಯ ಸುತ್ತಿನ ಕಾಡನ್ನೇ ಕೋಟೆ ಮಾಡಿಕೊಂಡ. 1802ರ ಜನವರಿಯಲ್ಲಿ ಆರ್ಥರ್ ವೆಲ್ಲೆಸ್ಲಿಯ ಪಡೆ ಅದನ್ನು ಮುರಿಯಿತು. ಮುಂದಿನ ತಿಂಗಳು ನಾಯಕ ಸೆರೆಸಿಕ್ಕು ಗಲ್ಲಿಗೇರಿದ. ಮುಂದೆ ವಾಟರ್‌ಲೂನಲ್ಲಿ ನೆಪೋಲಿಯನ್ನನನ್ನು ಸೋಲಿಸಿದ ವೆಲಿಂಗ್ಟನ್ ಈ ವೆಲ್ಲೆಸ್ಲಿಯೇ. ಬಲಂ ಬಂಡಾಯಕ್ಕೆ ನಮ್ಮ ಪಠ್ಯಪುಸ್ತಕಗಳಲ್ಲಿ ಸಿಕ್ಕ ಜಾಗ ತೀರ ಕಡಿಮೆ. ಐಗೂರಿನ ಮಕ್ಕಳಿಗಾದರೂ ಅದು ಗೊತ್ತಿರಬೇಕು.

ಕೇಪು ಬಂದದ್ದು ಆಮೇಲೆ. ಸ್ಕಾಟ್ಲೆಂಡಿನ ಪಾದ್ರಿ ಅಲೆಕ್ಸಾಂಡರ್ ಫೋರ್ಸಿತ್‌ಗೆ ಹಕ್ಕಿ ಬೇಟೆಯ ಹುಚ್ಚು. ಚಕಮಕಿಯ ಬೆಳಕು ಕಂಡ ಕೂಡಲೇ ಹಕ್ಕಿಗಳು ಹಾರಿಹೋಗುತ್ತವೆಂದು ಬೇಸತ್ತು, ಏಟು ಬಿದ್ದರೆ ಸಿಡಿಯುವ ರಾಸಾಯನಿಕದಿಂದ ಮದ್ದು ಹೊತ್ತಿಸುವ ಉಪಾಯ ಕಂಡುಹಿಡಿದು 1807ರಲ್ಲಿ ಹಕ್ಕುಪತ್ರ ಪಡೆದ. ಮುಂದಿನ ಎರಡು ದಶಕಗಳಲ್ಲಿ ಆ ಉಪಾಯ ತಾಮ್ರದ ಪುಟ್ಟ ಟೋಪಿಯ ರೂಪ ತಳೆಯಿತು. ಅದೇ ಕೇಪು. 19ನೇ ಶತಮಾನದ ನಡುವೆ ಮಂಜರಾಬಾದಿಗೆ ಕಾಫಿ ಬೆಳೆಯಲು ಬಂದ ಇಂಗ್ಲಿಷ್ ದೊರೆಗಳ ಹೆಗಲಲ್ಲಿ ಕೇಪಿನ ಕೋವಿಗಳಿದ್ದವು. 1856ರಲ್ಲಿ ಇಲ್ಲಿ ತೋಟ ಕಟ್ಟಲು ಶುರುಮಾಡಿದ ರಾಬರ್ಟ್ ಎಲಿಯಟ್ 1894ರಲ್ಲಿ ಪ್ರಕಟಿಸಿದ ‘ಗೋಲ್ಡ್, ಸ್ಪೋರ್ಟ್ ಆ್ಯಂಡ್ ಕಾಫಿ ಪ್ಲಾಂಟಿಂಗ್ ಇನ್ ಮೈಸೂರ್’ ಪುಸ್ತಕದಲ್ಲಿ ಕಾಫಿಯ ಜೊತೆ ಹುಲಿ ಬೇಟೆಗೂ ಜಾಗವಿದೆ. ದೊರೆಗಳು ತೋಟಾ ಕೋವಿಗೆ ಬಡ್ತಿ ಪಡೆದರು, ಕೇಪಿನ ಕೋವಿ ಊರಿನಲ್ಲಿ ಉಳಿಯಿತು.

ಕೋವಿಯ ಅಂಗಾಂಗ

ಹಳೆಯ ಕೇಪಿನ ಕೋವಿಯೊಂದನ್ನು ಕೈಗೆತ್ತಿಕೊಂಡರೆ ಮೊದಲು ತಿಳಿಯುವುದು ಅದರ ಉದ್ದ. ಬುಡ ನೆಲಕ್ಕೂರಿದರೆ ನಳಿಗೆಯ ಬಾಯಿ ಎದೆ ದಾಟುತ್ತದೆ. ಮದ್ದು ಪೂರ್ತಿ ಉರಿದು ಚರೆಯನ್ನು ತಳ್ಳಲು ಆ ಉದ್ದ ಬೇಕು. ನಳಿಗೆಯ ಕೆಳಗೆ ಮರದಲ್ಲಿ ಕೊರೆದ ಗಾಡಿಯಲ್ಲಿ ಗಜ ಮಲಗಿರುತ್ತದೆ. ಬಲ ಮಗ್ಗುಲಲ್ಲಿ ಕುದುರೆ. ಕಿವಿ ನಿಮಿರಿದ ಕುದುರೆಯ ತಲೆಯಂತೆ ಬಾಗಿದ ಈ ಸುತ್ತಿಗೆಯನ್ನು ಹಿಂದಕ್ಕೆಳೆದರೆ ಒಳಗಿನ ಸ್ಪ್ರಿಂಗ್ ಬಿಗಿಯಾಗುತ್ತದೆ. ಅರ್ಧ ಎಳೆದಾಗ ಒಂದು ಟಕ್, ಪೂರ್ತಿ ಎಳೆದಾಗ ಇನ್ನೊಂದು. ಅರ್ಧ ಕುದುರೆ ಕಾಪಿಗೆ, ಪೂರ್ಣ ಕುದುರೆ ಈಡಿಗೆ. ಬಿಲ್ಲು, ಅಂದರೆ ಟ್ರಿಗರ್, ಒತ್ತಿದರೆ ಕುದುರೆ ಕೇಪಿಗೆ ಬಡಿಯುತ್ತದೆ, ಕೇಪು ಸಿಡಿದು ಮೊಳೆಯ ಸಣ್ಣ ತೂತಿನೊಳಗೆ ಕಿಡಿ ನುಗ್ಗುತ್ತದೆ, ಮದ್ದು ಹೊತ್ತಿಕೊಳ್ಳುತ್ತದೆ.

ಇಲ್ಲೊಂದು ಮಾತು ಸ್ಪಷ್ಟವಾಗಬೇಕು. ಮಲೆನಾಡಿನ ಕೇಪಿನ ಕೋವಿ ರೈಫಲ್ ಅಲ್ಲ. ರೈಫಲ್ಲಿನ ನಳಿಗೆಯ ಒಳಮೈಯಲ್ಲಿ ತಿರುಪಿನ ಗೆರೆಗಳಿರುತ್ತವೆ. ಗುಂಡು ಆ ಗೆರೆ ಹಿಡಿದು ಬುಗುರಿಯಂತೆ ತಿರುಗುತ್ತ ಹೊರಟು ದೂರದವರೆಗೆ ನೇರ ಹೋಗುತ್ತದೆ. ನಮ್ಮ ಕೋವಿಯ ಒಳಮೈ ನುಣುಪು. ಅದರಿಂದ ಚರೆ ಹೊಡೆಯಬಹುದು, ಒಂಟಿ ಗುಂಡೂ ಹೊಡೆಯಬಹುದು, ಆದರೆ ದೂರದ ಗುರಿ ನೆಚ್ಚುವಂತಿಲ್ಲ. ಹತ್ತಿರದಿಂದಲೇ ಹೊಡೆಯಬೇಕು. ಹಾಗಾಗಿ ಪ್ರಾಣಿಯ ದಾರಿ, ಗಾಳಿಯ ದಿಕ್ಕು, ಕಾಯುವ ತಾಳ್ಮೆ ಗೊತ್ತಿದ್ದವನಿಗೆ ಮಾತ್ರ ಈ ಕೋವಿ ಒಲಿಯುತ್ತಿತ್ತು.

ಈಡು

ಮದ್ದಿಗೆ ಮಲೆನಾಡಿನಲ್ಲಿ ಮಸಿ ಎಂದೂ ಹೆಸರು. ಪೆಟ್ಲುಪ್ಪು, ಗಂಧಕ, ಇದ್ದಿಲು ಸೇರಿದ ಕಪ್ಪು ಪುಡಿ. ಸೀಸದ ಚರೆಯನ್ನು ಗಾತ್ರ ನೋಡಿ ಆರಿಸುತ್ತಿದ್ದರು: ಹಕ್ಕಿಗೆ ಸಾಸಿವೆಯಂಥದು, ಹಂದಿಗೆ ದೊಡ್ಡದು. ಮದ್ದಿಗೂ ಚರೆಗೂ ನಡುವೆ, ಮತ್ತೆ ಚರೆಯ ಮೇಲೆ, ತೆಂಗಿನ ನಾರನ್ನೋ ಕಾಗದವನ್ನೋ ಉಂಡೆ ಮಾಡಿ ಗಿಡಿಯುತ್ತಿದ್ದರು. ಗಜದ ಪೆಟ್ಟು ಹಗುರವಾದರೆ ಈಡು ಸಡಿಲ, ವಿಪರೀತವಾದರೆ ಮದ್ದು ಅಮುಕಿ ಹೋಗುತ್ತದೆ. ಗಜ ಗಿಡಿಯುವಾಗ ಕೇಳುವ ಸದ್ದು ಮೆತ್ತಗಿನಿಂದ ಗಟ್ಟಿಗೆ ತಿರುಗುವ ಗಳಿಗೆಯನ್ನು ಕೈಯೇ ಹಿಡಿಯುತ್ತದೆ. ಆ ಹದವನ್ನು ಅಪ್ಪ ಮಗನಿಗೆ ಬಾಯಲ್ಲಿ ಹೇಳಿಕೊಡಲು ಆಗುತ್ತಿರಲಿಲ್ಲ, ಮಗ ಪಕ್ಕದಲ್ಲಿ ನಿಂತು ಕೇಳಿಸಿಕೊಳ್ಳಬೇಕಿತ್ತು.

ಒಂದು ಈಡು ಹೊಡೆದ ಮೇಲೆ ಎರಡನೆಯದಕ್ಕೆ ಪುನಃ ಅಷ್ಟೂ ಕೆಲಸ. ಗಾಯಗೊಂಡ ಹಂದಿ ಅಷ್ಟು ಹೊತ್ತು ಕಾಯುವುದಿಲ್ಲ. ಹೆಗಲೇರಿದ ಕೋವಿಯಲ್ಲಿ ಇರುವುದೊಂದೇ ಈಡು ಎಂಬ ಅರಿವು ಮನುಷ್ಯನನ್ನು ಎಚ್ಚರದಲ್ಲಿಡುತ್ತಿತ್ತು. ಖಾತ್ರಿಯಾಗದೆ ಹೊಡೆಯಬಾರದು ಎಂಬ ಶಿಸ್ತು ಹಳೆಯ ಶಿಕಾರಿಯವರಲ್ಲಿ ಬಂದದ್ದು ಇದರಿಂದ. ಎಲ್ಲರಲ್ಲೂ ಇತ್ತೆಂದಲ್ಲ. ಹಳು ಸೋವಿಸುವ, ಅಂದರೆ ಪೊದೆ ಬಡಿದು ಮಿಗ ಎಬ್ಬಿಸುವ, ದೊಡ್ಡ ಬೇಟೆಗಳಲ್ಲಿ ಪೊದೆ ಅಲ್ಲಾಡಿದ್ದನ್ನೇ ಮಿಗವೆಂದು ತಿಳಿದು ಜೊತೆಗಾರನಿಗೇ ಹೊಡೆದ ದುರಂತಗಳು ಮಲೆನಾಡಿನ ಊರೂರಿನ ನೆನಪಿನಲ್ಲಿವೆ.

ಮಳೆಯ ಜೊತೆಗಿನ ಜಗಳ

ಸಕಲೇಶಪುರದ ದಕ್ಷಿಣದ ಅಂಚು, ಹೆತ್ತೂರು, ಯಸಳೂರು, ಬಿಸಿಲೆಯ ಕಡೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆ ಒಣಗದ ನಾಡು. ಆಲೂರು ಸಕಲೇಶಪುರದ ಪೂರ್ವಕ್ಕೆ, ಮಳೆ ಇಳಿಮುಖವಾಗುವ ಕಡೆ. ಹಳೆಯ ಮನೆಗಳಲ್ಲಿ ಮದ್ದಿನ ಬುರುಡೆಯನ್ನು ತೇವ ತಾಗದ, ಬೆಂಕಿಯೂ ತಾಗದ ಜಾಗ ಹುಡುಕಿ ಇಡುವುದೇ ಒಂದು ಯೋಚನೆ. ಒಲೆಯ ಹತ್ತಿರ ಇಟ್ಟರೆ ಮನೆಯೇ ಹಾರೀತು, ದೂರ ಇಟ್ಟರೆ ಪೆಟ್ಲುಪ್ಪು ಗಾಳಿಯ ನೀರು ಕುಡಿದು ಪುಡಿ ಗಂಟುಕಟ್ಟೀತು. ಮಳೆಗಾಲದ ಇರುಳಿನಲ್ಲಿ ಗದ್ದೆ ಕಾಯಲು ಹೋದವನು ಕೋವಿಯ ಬಾಯಿಗೆ ಬೆಣೆ ಹಾಕಿ, ಕುದುರೆಯ ಮೇಲೆ ಎಣ್ಣೆಬಟ್ಟೆ ಸುತ್ತಿ, ಕಂಬಳಿಕೊಪ್ಪೆಯ ಒಳಗೆ ಮಗುವಿನಂತೆ ಅವುಚಿಕೊಂಡು ಕೂರಬೇಕಿತ್ತು. ಹಾಗಿದ್ದೂ ಕೇಪು ಮಾತ್ರ ಸಿಡಿದು ಈಡು ಹೊರಡದಿರುವುದುಂಟು. ಕೆಲವೊಮ್ಮೆ ಒಳಗೆ ಕಿಡಿ ಹೊಗೆಯಾಡುತ್ತಿದ್ದು ಕೆಲವು ಕ್ಷಣ ಬಿಟ್ಟು ಈಡು ಹಾರುತ್ತದೆ. ಕೋವಿಯ ಬಾಯಿಗೆ ಮುಖವೊಡ್ಡಿ ನೋಡಿದವರು ಕಣ್ಣು ಕಳೆದುಕೊಂಡದ್ದು ಹಾಗೆ.

ಕರಿಮದ್ದು ಉರಿದ ಮೇಲೆ ಅದರ ತೂಕದ ಅರ್ಧಕ್ಕೂ ಹೆಚ್ಚು ಭಾಗ ಕಿಟ್ಟವಾಗಿ, ಹೊಗೆಯ ಕಣವಾಗಿ ಉಳಿಯುತ್ತದೆ. ನಳಿಗೆಯಲ್ಲಿ ಕೂತ ಕಿಟ್ಟ ತೇವ ಹೀರಿ ಕಬ್ಬಿಣವನ್ನು ತಿನ್ನುತ್ತದೆ. ಹಾಗಾಗಿ ಹೊಡೆದ ದಿನವೇ ಬಿಸಿನೀರು ಹೊಯ್ದು ತೊಳೆದು, ಒಣಗಿಸಿ, ಎಣ್ಣೆ ಸವರಬೇಕು. ಬಚ್ಚಲ ಹಂಡೆಯ ನೀರು ಮೊದಲು ಕೋವಿಗೆ, ಆಮೇಲೆ ಮೈಗೆ. ಈ ಕ್ರಮ ತಪ್ಪಿಸಿದ ಮನೆಯ ಕೋವಿ ಎರಡು ಮಳೆಗಾಲಕ್ಕೆ ತುಕ್ಕು ಹಿಡಿದು ಸೌದೆಗಿಂತ ಕಡೆಯಾಗುತ್ತದೆ. ನೂರು ವರ್ಷದ ಕೋವಿ ಇನ್ನೂ ಚೊಕ್ಕಟವಾಗಿದ್ದರೆ ಆ ಮನೆಯವರ ಮೂರು ತಲೆಮಾರಿನ ಶ್ರದ್ಧೆ ಅದರಲ್ಲಿದೆ ಎಂದೇ ಅರ್ಥ.

ಮಾಡಿದವರು ಯಾರು

ಇಂಗ್ಲೆಂಡಿನ ಕೋವಿಯಾದರೆ ನಳಿಗೆಯ ಬುಡದಲ್ಲಿ ಪರೀಕ್ಷಾ ಮುದ್ರೆ ಇರುತ್ತದೆ. ಬರ್ಮಿಂಗ್‌ಹ್ಯಾಮಿನ ಪರೀಕ್ಷಾಲಯ 1813ರ ಕಾಯ್ದೆಯಿಂದ ಹುಟ್ಟಿದ್ದು. ನಳಿಗೆಗೆ ಹೆಚ್ಚಿನ ಮದ್ದು ತುಂಬಿ ಹಾರಿಸಿ, ಒಡೆಯದೆ ಉಳಿದರೆ ಮಾತ್ರ ಅಲ್ಲಿ ಮುದ್ರೆ ಒತ್ತುತ್ತಿದ್ದರು. ಭಾರತದಲ್ಲಿ ಬಿಹಾರದ ಮುಂಗೇರ್ ಬಂದೂಕಿಗೆ ಹೆಸರಾದ ಊರು. ಬಂಗಾಳದ ನವಾಬ ಮೀರ್ ಕಾಸಿಂ 1760ರ ದಶಕದಲ್ಲಿ ಅಲ್ಲಿ ಆಯುಧ ಕಾರ್ಖಾನೆ ನಡೆಸಿದ್ದ.

ನಮ್ಮ ಊರುಗಳ ಕಮ್ಮಾರರೂ ಬಡಗಿಗಳೂ ಮಾಡುತ್ತಿದ್ದುದು ಬಹುಮಟ್ಟಿಗೆ ದುರಸ್ತಿ: ಸ್ಪ್ರಿಂಗ್ ಬದಲಿಸುವುದು, ಬಿರುಕುಬಿಟ್ಟ ಮರಕ್ಕೆ ಹಿತ್ತಾಳೆ ಪಟ್ಟಿ ಬಿಗಿಯುವುದು, ಹೊಸ ಗಜ ಹೊಂದಿಸುವುದು. ಕೋವಿಯ ಮರ ಸಿಗಿದು ಕೂರಿಸುವುದು ಬಡಗಿಯ ಕೆಲಸಗಳಲ್ಲೇ ನಾಜೂಕಿನದು. ನಳಿಗೆ ಮರದಲ್ಲಿ ಕೂದಲೆಳೆಯಷ್ಟೂ ಸಂದಿಲ್ಲದೆ ಕೂರಬೇಕು, ಬುಡ ಹೊಡೆಯುವವನ ಹೆಗಲಿಗೂ ಕೆನ್ನೆಗೂ ಹೊಂದಬೇಕು. ಯುರೋಪಿನಲ್ಲಿ ಇದಕ್ಕೆ ಅಕ್ರೋಟಿನ ಮರ ಮೆಚ್ಚಿದರು, ಅಮೆರಿಕದಲ್ಲಿ ಮೇಪಲ್. ಮಲೆನಾಡಿನ ಬೀಟೆ ಚೆಲುವಾದರೂ ಭಾರ.

ಕಳ್ಳತನದಲ್ಲಿ ಕಟ್ಟಿದ ನಾಡಕೋವಿಗಳೂ ಇದ್ದವು, ಇಂದಿಗೂ ಪೊಲೀಸ್ ದಾಳಿಗಳಲ್ಲಿ ಸಿಗುತ್ತವೆ. ಅವುಗಳ ಬಗ್ಗೆ ಹೆಮ್ಮೆಪಡುವಂಥದ್ದು ಏನೂ ಇಲ್ಲ. ನೀರಿಗೆಂದು ಮಾಡಿದ ಕೊಳವೆ ಮದ್ದಿನ ಒತ್ತಡ ತಡೆಯುವುದಿಲ್ಲ. ಪರೀಕ್ಷೆಯ ಮುದ್ರೆ ಇಲ್ಲದ ನಳಿಗೆ ಒಡೆದರೆ ಹೋಗುವುದು ಹೊಡೆದವನ ಎಡಗೈ, ಇಲ್ಲವೇ ಕಣ್ಣು. ಹಂದಿಯ ದಾರಿಗೆ ದಾರ ಬಿಗಿದು ಕೋವಿ ಹೂಡಿಟ್ಟು ಬರುವ ಪದ್ಧತಿ ಇನ್ನೂ ಕ್ರೂರ. ದಾರಕ್ಕೆ ಹಂದಿಯ ಕಾಲೇನು, ಸೌದೆಗೆ ಹೋದ ಹೆಂಗಸಿನ ಕಾಲೇನು, ಎರಡೂ ಒಂದೇ.

ಮನೆಯಲ್ಲೇ ಕೋವಿ ಕಟ್ಟುವುದು ಕಾನೂನುಬದ್ಧ ಕಲೆಯಾಗಿ ಬೆಳೆದದ್ದು ಅಮೆರಿಕದಲ್ಲಿ. ಜರ್ಮನಿಯಿಂದ ಪೆನ್ಸಿಲ್ವೇನಿಯಾಕ್ಕೆ ಹೋಗಿ ನೆಲೆಸಿದ ಕುಶಲಕರ್ಮಿಗಳು 18ನೇ ಶತಮಾನದಲ್ಲಿ ಉದ್ದ ನಳಿಗೆಯ, ತೆಳುಮರದ ರೈಫಲ್ಲುಗಳನ್ನು ಮಾಡಿದರು. ಆ ವಿದ್ಯೆ ಅಳಿಯುವ ಹೊತ್ತಿಗೆ, 1933ರಲ್ಲಿ, ಬಾಯಿಂದ ತುಂಬುವ ರೈಫಲ್ ಪ್ರಿಯರ ರಾಷ್ಟ್ರೀಯ ಸಂಘವೊಂದು ಹುಟ್ಟಿತು. ಇಂಡಿಯಾನಾ ರಾಜ್ಯದ ಫ್ರೆಂಡ್‌ಶಿಪ್ ಎಂಬ ಸಣ್ಣ ಊರು ಅದರ ನೆಲೆ. ವರ್ಜೀನಿಯಾದ ವಿಲಿಯಮ್ಸ್‌ಬರ್ಗ್‌ನಲ್ಲಿ ವ್ಯಾಲೇಸ್ ಗಸ್ಲರ್ ಎಂಬ ಕುಶಲಕರ್ಮಿ ಕುಲುಮೆಯಿಂದ ಕೆತ್ತನೆಯವರೆಗೆ ಇಡೀ ರೈಫಲ್ಲನ್ನು ಹಳೆಯ ಹತಾರಗಳಿಂದಲೇ ಮಾಡಿದ್ದನ್ನು 1969ರಲ್ಲಿ ಚಿತ್ರೀಕರಿಸಿದ್ದಾರೆ. ಕಬ್ಬಿಣದ ಪಟ್ಟಿಯನ್ನು ಕಾಯಿಸಿ ಸಲಾಕೆಯ ಸುತ್ತ ಬಾಗಿಸಿ ಬೆಸೆದು ನಳಿಗೆಯಾಗಿಸುವ ಆ ದೃಶ್ಯದಲ್ಲಿ ನಮ್ಮ ಕಮ್ಮಾರಸಾಲೆಯ ತಿದಿ, ಅಡಿಗಲ್ಲು, ಸುತ್ತಿಗೆಗಳೇ ಕಾಣುತ್ತವೆ. ಅಲ್ಲಿನ 1968ರ ಕೇಂದ್ರ ಕಾಯ್ದೆ ಇಂಥ ಹಳೆ ಮಾದರಿಯ ಕೋವಿಗಳನ್ನು ಸಾಮಾನ್ಯ ಬಂದೂಕಿನ ಲೆಕ್ಕದಿಂದ ಹೊರಗಿಟ್ಟದ್ದರಿಂದ ಹವ್ಯಾಸ ಉಳಿಯಿತು.

ಕಾನೂನು

1857ರ ದಂಗೆಯ ನಂತರ ಬ್ರಿಟಿಷರು ಪ್ರಜೆಗಳ ಕೈಯಿಂದ ಆಯುಧ ಕಿತ್ತುಕೊಳ್ಳಲು ಹೊರಟರು. 1860ರ ಕಾಯ್ದೆ, 1878ರ ಕಾಯ್ದೆ ಒಂದರ ಹಿಂದೊಂದು ಬಂದವು. ಪಕ್ಕದ ಕೊಡಗಿಗೆ ಮಾತ್ರ ಕಮಿಷನರ್ ಮಾರ್ಕ್ ಕಬ್ಬನ್ 1861ರಲ್ಲಿ ವಿನಾಯಿತಿ ಘೋಷಿಸಿದ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ಆ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಮತ್ತೆ ಹತ್ತು ವರ್ಷ ಮುಂದುವರಿಸಿತು, 2021ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಯಸಳೂರು ಹೋಬಳಿಯಿಂದ ಕೊಡಗಿನ ಗಡಿ ಕೂಗಳತೆ. ಗಡಿಯ ಆಚೆ ಕೈಲ್ ಪೊಳ್ದ್ ಹಬ್ಬಕ್ಕೆ ಕೋವಿಯ ಬಾಯಿಗೆ ತೋಕ್‌ಪೂ ಸಿಕ್ಕಿಸಿ ಪೂಜಿಸುತ್ತಾರೆ, ಪುತ್ತರಿಯಲ್ಲಿ ಹೊಸ ತೆನೆ ಕೊಯ್ಯುವಾಗ ಈಡು ಹಾರಿಸುತ್ತಾರೆ. ಗಡಿಯ ಈಚೆ ಅದೇ ಬೆಟ್ಟ, ಅದೇ ಹಂದಿ, ಆದರೆ ಲೈಸೆನ್ಸ್ ಇಲ್ಲದೆ ಕೋವಿ ಮುಟ್ಟುವಂತಿಲ್ಲ.

ಈಗ ಜಾರಿಯಲ್ಲಿರುವುದು 1959ರ ಆಯುಧ ಕಾಯ್ದೆ ಮತ್ತು 2016ರ ನಿಯಮಗಳು. ಕಾಯ್ದೆಯ 13ನೇ ಸೆಕ್ಷನ್ನಿನಲ್ಲಿ ಮಲೆನಾಡಿನ ರೈತನಿಗೆ ಸಂಬಂಧಿಸಿದ ಒಂದು ಮಾತಿದೆ. ಪ್ರಾಮಾಣಿಕವಾಗಿ ಬೆಳೆ ರಕ್ಷಣೆಗೆ ಕೇಳಿದವರಿಗೆ ಬಾಯಿಂದ ತುಂಬುವ ಕೋವಿಯ ಲೈಸೆನ್ಸ್ ಎಂದು ಅದು ಹೆಸರಿಟ್ಟೇ ಹೇಳುತ್ತದೆ. ಆ ಕೋವಿ ಸಾಲದೆಂದು ಅಧಿಕಾರಿಗೆ ಮನವರಿಕೆಯಾದರೆ ಮಾತ್ರ ಬೇರೆ ನುಣುಪು ನಳಿಗೆಯ ಕೋವಿ. ಅಂದರೆ ಕೇಪಿನ ಕೋವಿಯನ್ನು ಕಾನೂನೇ ರೈತನ ಕೋವಿ ಎಂದು ಗುರುತಿಸಿದೆ.

ಕೋವಿ ಮಾಡುವುದು ಮಾತ್ರ ಬೇರೆ ಮಾತು. 5ನೇ ಸೆಕ್ಷನ್ನಿನ ಪ್ರಕಾರ ತಯಾರಿಕೆಗೂ ದುರಸ್ತಿಗೂ ಪ್ರತ್ಯೇಕ ಪರವಾನಗಿ ಬೇಕು. ಹಳೆಯ ಮಾದರಿಯದು, ಸ್ವಂತಕ್ಕೆ ಮಾಡಿಕೊಂಡದ್ದು ಎಂಬ ನೆಪ ನಡೆಯುವುದಿಲ್ಲ. 2019ರ ತಿದ್ದುಪಡಿಯ ನಂತರ ಪರವಾನಗಿ ಇಲ್ಲದ ತಯಾರಿಕೆಗೆ ಕನಿಷ್ಠ ಏಳು ವರ್ಷ, ಗರಿಷ್ಠ ಜೀವಾವಧಿ ಸೆರೆ. ಲೈಸೆನ್ಸ್ ಅವಧಿ ಮೂರು ವರ್ಷದಿಂದ ಐದಕ್ಕೆ ಏರಿದ್ದೂ, ಒಬ್ಬರು ಇಟ್ಟುಕೊಳ್ಳಬಹುದಾದ ಬಂದೂಕು ಮೂರರಿಂದ ಎರಡಕ್ಕೆ ಇಳಿದದ್ದೂ ಅದೇ ತಿದ್ದುಪಡಿಯಲ್ಲಿ. ಚುನಾವಣೆ ಬಂದಾಗ ಕೋವಿಯನ್ನು ಠಾಣೆಗೆ ಒಪ್ಪಿಸಲು ಹೇಳುವುದು ಬೆಳೆಗಾರರ ಹಳೆಯ ದೂರು. ಮತದಾನದ ದಿನಾಂಕ ಹಂದಿಗೂ ಮಂಗಕ್ಕೂ ತಿಳಿಯದು.

ಬೇಟೆಯ ಬಾಗಿಲು ಮುಚ್ಚಿ ಬಹಳ ಕಾಲವಾಯಿತು. 1972ರ ವನ್ಯಜೀವಿ ರಕ್ಷಣಾ ಕಾಯ್ದೆ ಬೇಟೆಗೆ ಕಡಿವಾಣ ಹಾಕಿತು, 1991ರ ತಿದ್ದುಪಡಿ ಲೈಸೆನ್ಸ್ ಬೇಟೆಯನ್ನೂ ನಿಲ್ಲಿಸಿತು. ಕೋವಿಯ ಲೈಸೆನ್ಸ್ ಇದ್ದ ಮಾತ್ರಕ್ಕೆ ಹಂದಿ ಹೊಡೆಯುವ ಹಕ್ಕು ಬರುವುದಿಲ್ಲ. ಹಾಗಾಗಿ ಇಂದು ಕೋವಿಯ ದೊಡ್ಡ ಕೆಲಸ ಸದ್ದು ಮಾಡುವುದು.

ಆನೆಗಳ ಕಾಲ

ಆ ಸದ್ದೂ ಈಗ ಹಳತಾಗಿದೆ. ಹೇಮಾವತಿ ಜಲಾಶಯ ತುಂಬಿದ ಮೇಲೆ, ಕಾಡಿನ ತುಂಡುಗಳ ನಡುವೆ ತೋಟಗಳು ಹಬ್ಬಿದ ಮೇಲೆ, ಆಲೂರು–ಸಕಲೇಶಪುರ ರಾಜ್ಯದಲ್ಲೇ ಆನೆ–ಮನುಷ್ಯ ಸಂಘರ್ಷ ತೀವ್ರವಾಗಿರುವ ಸೀಮೆಗಳಲ್ಲೊಂದಾಯಿತು. 2014ರ ಸುಮಾರಿಗೆ ಇಲ್ಲಿಂದ ಇಪ್ಪತ್ತಕ್ಕೂ ಹೆಚ್ಚು ಆನೆಗಳನ್ನು ಹಿಡಿದು ಸಾಗಿಸಿದರು. ತೆರವಾದ ಜಾಗಕ್ಕೆ ಬೇರೆ ಆನೆಗಳು ಬಂದವು. ಮೊದಮೊದಲು ಒಂದು ಬರಿಯ ಈಡಿಗೆ ಗುಂಪೇ ಕದಲುತ್ತಿತ್ತು. ಈಗಿನ ಆನೆ ಸದ್ದು ಕೇಳಿ ಕಿವಿ ಬೀಸಿ ಮತ್ತೆ ಬೈನೆ ಮರಕ್ಕೆ ಸೊಂಡಿಲಿಡುತ್ತದೆ.

ಸಿಟ್ಟಿನಲ್ಲಿ ಆನೆಗೆ ಚರೆ ಹೊಡೆಯುವವರು ಇದ್ದಾರೆ. ಆ ಚರೆ ಆನೆಯನ್ನು ಕೊಲ್ಲುವುದಿಲ್ಲ. ದಪ್ಪ ಚರ್ಮದೊಳಗೆ ಉಳಿದು ಕೀವಾಗಿ, ನೋವಾಗಿ, ಅದನ್ನು ಮನುಷ್ಯರ ಮೇಲೆ ತಿರುಗಿಬೀಳುವಂತೆ ಮಾಡುತ್ತದೆ. ಹಾಗೆ ಕೆರಳಿದ ಆನೆಗೆ ಮಾರನೆಯ ಬೆಳಿಗ್ಗೆ ಸಿಗುವವರು ಕಾಫಿ ಕೊಯ್ಲಿಗೆ ನಡೆದುಹೋಗುವ ಕೂಲಿಯವರು. ಈ ಒಂದು ವಿಷಯದಲ್ಲಿ ಕೇಪಿನ ಕೋವಿಯನ್ನು ಸಮರ್ಥಿಸಲು ಯಾವ ಮಾತೂ ಇಲ್ಲ.

ಇಂದಿನ ಸ್ಥಿತಿ

ಸೋಲಾರ್ ಬೇಲಿ, ಪಟಾಕಿ, ಆನೆ ಎಲ್ಲಿದೆಯೆಂದು ಮೊಬೈಲಿಗೆ ಬರುವ ಅರಣ್ಯ ಇಲಾಖೆಯ ಸಂದೇಶ, ಇವುಗಳ ನಡುವೆ ಕೇಪಿನ ಕೋವಿ ಗೋಡೆ ಸೇರಿದೆ. ಆಯುಧಪೂಜೆಯ ದಿನ ಕೆಳಗಿಳಿಸಿ, ಒರೆಸಿ, ಕುಂಕುಮವಿಟ್ಟು, ಕುಂಬಳಕಾಯಿಯ ಪಕ್ಕ ಒರಗಿಸುತ್ತಾರೆ. ಮಕ್ಕಳು ಬೆಂಗಳೂರಿನಲ್ಲಿರುವ ಮನೆಗಳಲ್ಲಿ ಲೈಸೆನ್ಸ್ ನವೀಕರಣಕ್ಕೆ ಓಡಾಡುವವರಿಲ್ಲದೆ ಎಷ್ಟೋ ಕೋವಿಗಳು ಠಾಣೆಗೆ, ಇಲ್ಲವೇ ಬಂದೂಕು ವ್ಯಾಪಾರಿಗಳ ವಶಕ್ಕೆ ಹೋಗಿವೆ. ಮಾಲೀಕರು ತೀರಿಕೊಂಡರೆ ವಾರಸುದಾರರು ಕೋವಿಯನ್ನು ತಡಮಾಡದೆ ಒಪ್ಪಿಸಿ, ಬೇಕಾದರೆ ತಮ್ಮ ಹೆಸರಿಗೆ ಅರ್ಜಿ ಹಾಕಬೇಕು. ಹಾರಿಸಲು ಬಾರದಂತೆ ಕೆಟ್ಟ, ಪುರಾತನ ಮೌಲ್ಯದ ಕೋವಿಗಳಿಗೆ ಕಾಯ್ದೆಯ 45ನೇ ಸೆಕ್ಷನ್ನಿನಲ್ಲಿ ವಿನಾಯಿತಿ ಇದೆ. ಆ ದಾರಿಯಲ್ಲಿ ಸಕಲೇಶಪುರದಲ್ಲೇ ಒಂದು ಸಂಗ್ರಹ ಮಾಡಿ, ಮುದ್ರೆ, ಮರ, ದುರಸ್ತಿಯ ಗುರುತು, ಮನೆತನದ ಕಥೆ ಬರೆದಿಡುವ ಕೆಲಸ ಈಗಲೇ ಆಗಬೇಕು. ಗಜದ ಸದ್ದು ಕಿವಿಯಲ್ಲಿರುವ ಅಜ್ಜಂದಿರು ಇನ್ನೂ ಕೆಲವರು ಇದ್ದಾರೆ.

ಅಟ್ಟದಲ್ಲಿ ಇಂಥದೊಂದು ಕೋವಿ ಸಿಕ್ಕವರು ಅದರ ಕುದುರೆ ಎಳೆದು ನೋಡಬಾರದು. ಕರಿಮದ್ದು ಒಣಗಿದ್ದರೆ ಹತ್ತಾರು ವರ್ಷ ಕಳೆದರೂ ಹೊತ್ತಿಕೊಳ್ಳುತ್ತದೆ. ಹಂದಿ ಕಾಯಲು ತುಂಬಿಟ್ಟ ಈಡು ಹಂದಿ ಬಾರದ ಕಾರಣಕ್ಕೆ ಹಾಗೇ ಉಳಿದಿರಬಹುದು. ಬಲ್ಲವರನ್ನು ಕರೆದರೆ ಅವರು ಮೊದಲು ಮೊಳೆಯ ಮೇಲೆ ಕೇಪು ಇದೆಯೇ ನೋಡುತ್ತಾರೆ. ಆಮೇಲೆ ಮುಖವನ್ನು ಪಕ್ಕಕ್ಕೆ ಹಿಡಿದು ಗಜವನ್ನು ಮೆಲ್ಲಗೆ ಬಾಯೊಳಗೆ ಇಳಿಬಿಡುತ್ತಾರೆ. ಟಣ್ ಎಂದು ಕಬ್ಬಿಣಕ್ಕೆ ತಾಗಿ ಗಜ ಪೂರ್ತಿ ಒಳಗೆ ಹೋದರೆ ಕೋವಿ ಬರಿದು. 'ಥಪ್' ಎಂದು ಮೆತ್ತಗೆ ನಿಂತು ನಾಲ್ಕು ಬೆರಳು ಹೊರಗೆ ಉಳಿದರೆ, ಅಜ್ಜ ತುಂಬಿದ ಈಡು ಇನ್ನೂ ಒಳಗಿದೆ.